ಎರವಲು ಬಂದ ಹುಲಿ

2014ರ ಸೆಪ್ಟೆಂಬರ್ 2ರ ಬೆಳಿಗ್ಗೆ. ಹಾಲಿನವನು ಇನ್ನೂ ಬಂದಿರಲಿಲ್ಲ. ನಡುಮನೆಯಿಂದ ನನ್ನ ಮಗ ಒಮ್ಮೆಲೇ ಕೂಗಿಕೊಂಡ: “ಅಪ್ಪಾ, ಹುಲಿ ಬಂತು! ಹುಲಿ ಬಂತು!”

ನಮ್ಮದು ಕಾಡಿನ ಅಂಚಿನ ಊರು. ಅದಕ್ಕೆ ಹಿಂದಿನ ತಿಂಗಳಷ್ಟೇ ಪಕ್ಕದ ಬೀದಿಯ ನಾಯಿಯೊಂದನ್ನು ಚಿರತೆ ಹೊತ್ತುಕೊಂಡು ಹೋಗಿತ್ತು. ನನ್ನ ಹೆಂಡತಿ ಅಡುಗೆಮನೆಯಿಂದ ಸೌಟು ಹಿಡಿದುಕೊಂಡೇ ಓಡಿಬಂದಳು. “ರೀ, ಮೊದಲು ಹಿತ್ತಲ ಬಾಗಿಲು ಹಾಕ್ರೀ!” ನಾನು ಹಾಕಿಯೂ ಹಾಕಿದೆ. ಆಮೇಲೆ ನೋಡಿದರೆ ಮಗ ಮತ್ತು ಅವನ ಇಬ್ಬರು ಗೆಳೆಯರು ಒಂದೇ ಕಂಬಳಿಯೊಳಗೆ ಕೂತು, ಒಂದು ಮೊಬೈಲನ್ನು ನಡುವೆ ಇಟ್ಟುಕೊಂಡು, ಹಬ್ಬದ ಮುಖ ಮಾಡಿಕೊಂಡಿದ್ದರು. ಬಂದದ್ದು ನಮ್ಮ ಹಿತ್ತಲಿಗಲ್ಲ, ಇಂಗ್ಲೆಂಡಿನ ಮ್ಯಾಂಚೆಸ್ಟರಿಗೆ. ಹುಲಿಯ ಹೆಸರು ರಾಡಮೆಲ್ ಫಾಲ್ಕಾವ್. ಕೊಲಂಬಿಯಾ ದೇಶದ ಫುಟ್‌ಬಾಲ್ ಆಟಗಾರ. ಅವನ ನಾಡಿನವರು ಅವನನ್ನು ‘ಎಲ್ ಟಿಗ್ರೆ’ ಎಂದು ಕರೆಯುತ್ತಾರೆ, ಅಂದರೆ ಹುಲಿ ಎಂದೇ. ನನ್ನ ಮಗ ಮತ್ತವನ ಗೆಳೆಯರು ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಭಕ್ತರು. ಆ ಊರನ್ನು ಅವರು ಕಂಡಿಲ್ಲ, ಅವರಪ್ಪನೂ ಕಂಡಿಲ್ಲ. ಆದರೆ ಆ ತಂಡ ಸೋತ ರಾತ್ರಿ ನಮ್ಮ ಮನೆಯಲ್ಲಿ ಒಬ್ಬ ಊಟ ಬಿಡುತ್ತಿದ್ದ.

“ಎಷ್ಟು ಕೊಟ್ಟು ತಗೊಂಡ್ರೋ?” ಎಂದೆ.

“ತಗೊಂಡಿಲ್ಲ ಅಪ್ಪ. ಒಂದು ವರ್ಷಕ್ಕೆ ಲೋನ್.”

“ಎರವಲು ತಂದದ್ದಕ್ಕೆ ಇಷ್ಟು ಕುಣಿತವೇ?” ಎಂದು ನಾನು ಹಲ್ಲುಜ್ಜಲು ಹೋದೆ. ಆದರೆ ‘ಎರವಲು’ ಎಂಬ ಆ ಮಾತು ನನ್ನ ಬಾಯಿಂದಲೇ ಬಂದು ನನಗೇ ಎಲ್ಲೋ ಚುಚ್ಚಿತು. ಯಾಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಓದುಗರಲ್ಲಿ ಕೆಲವರಿಗೆ ಈ ಪದ್ಧತಿ ಹೊಸದಿರಬಹುದು. ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರನ್ನು ಕೊಳ್ಳುವ, ಮಾರುವ ಹಾಗೆಯೇ ಎರವಲು ಕೊಡುವುದೂ ಉಂಟು. ಆರು ತಿಂಗಳಿಗೋ ಒಂದು ವರ್ಷಕ್ಕೋ ಇನ್ನೊಂದು ತಂಡಕ್ಕೆ ಕಳಿಸುತ್ತಾರೆ. ಸಂಬಳವನ್ನು ಪಡೆದವರು ಕೊಡಬಹುದು, ಇಬ್ಬರೂ ಹಂಚಿಕೊಳ್ಳಲೂಬಹುದು. ಅವಧಿ ಮುಗಿದ ಮೇಲೆ ಮನಸ್ಸಿಗೆ ಬಂದರೆ ಇಂತಿಷ್ಟು ಹಣಕ್ಕೆ ಕೊಳ್ಳುತ್ತೇವೆ ಎಂಬ ಷರತ್ತನ್ನೂ ಸೇರಿಸಬಹುದು. ಮೀಸೆ ಚಿಗುರುವ ಹುಡುಗರನ್ನು ಪಳಗಲಿ ಎಂದು ಸಣ್ಣ ತಂಡಗಳಿಗೆ ಕಳಿಸುವುದು ಹಳೆಯ ರೂಢಿ. ಮುಂದೆ ಜಗತ್ಪ್ರಸಿದ್ಧನಾದ ಡೇವಿಡ್ ಬೆಕಮ್‌ನನ್ನು ಇದೇ ಮ್ಯಾಂಚೆಸ್ಟರಿನವರು 1995ರಲ್ಲಿ ಪ್ರೆಸ್ಟನ್ ಎಂಬ ಊರಿನ ತಂಡಕ್ಕೆ ಎರವಲು ಕೊಟ್ಟಿದ್ದರು. ಅಲ್ಲಿ ಅವನು ಆಡಿದ್ದು ಐದೇ ಪಂದ್ಯ, ಹೊಡೆದದ್ದು ಎರಡು ಗೋಲು. ಅದರಲ್ಲೊಂದು ಮೈದಾನದ ಮೂಲೆಯಿಂದ ನೇರವಾಗಿ ಹೊಡೆದ ಕಾರ್ನರ್. ತಿರುಗುತ್ತಾ ಹೋಗುವ ಚೆಂಡು ತನ್ನ ಒಂದು ಪಕ್ಕದ ಗಾಳಿಯನ್ನು ಜೊತೆಗೆ ಎಳೆದುಕೊಂಡು ಇನ್ನೊಂದು ಪಕ್ಕದ ಗಾಳಿಯನ್ನು ತಡೆಯುವುದರಿಂದ ಅದರ ದಾರಿ ಬಾಗುತ್ತದೆ. ಇದಕ್ಕೆ ಮ್ಯಾಗ್ನಸ್ ಪರಿಣಾಮ ಎನ್ನುತ್ತಾರೆ. ಕ್ಷಮಿಸಿ, ಮೇಷ್ಟ್ರ ಬಾಯಿ. ಸುಮ್ಮನಿರುವುದಿಲ್ಲ.

ಎರವಲಿನ ವ್ಯವಹಾರದಲ್ಲಿ ನಮ್ಮ ಗಾದೆಯೊಂದು ಚೆನ್ನಾಗಿ ಹೊಂದುತ್ತದೆ: ಇಸ್ಕೊಂಡೋನು ಈರಭದ್ರ, ಕೊಟ್ಟೋನು ಕೋಡಂಗಿ. 2003ರಲ್ಲಿ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡದವರು ಫರ್ನಾಂಡೊ ಮೊರಿಯೆಂಟೆಸ್ ಎಂಬ ಆಟಗಾರ ತಮಗೆ ಸದ್ಯಕ್ಕೆ ಬೇಡವೆಂದು ಮೊನಾಕೊ ಎಂಬ ಪುಟ್ಟ ರಾಜ್ಯದ ಕ್ಲಬ್ಬಿಗೆ ಎರವಲು ಕೊಟ್ಟರು. ಮರುವರ್ಷ ಚಾಂಪಿಯನ್ಸ್ ಲೀಗ್‌ನ ಎಂಟರ ಘಟ್ಟದಲ್ಲಿ ಅವೆರಡು ತಂಡಗಳೇ ಎದುರುಬದುರಾದವು. ಎರಡೂ ಪಂದ್ಯಗಳಲ್ಲಿ ಮೊರಿಯೆಂಟೆಸ್ ತನ್ನ ಯಜಮಾನರ ಮೇಲೆಯೇ ಗೋಲು ಹೊಡೆದ. ಒಟ್ಟು ಲೆಕ್ಕ ಐದು-ಐದು. ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲಿಗೆ ಬೆಲೆ ಹೆಚ್ಚು ಎಂಬ ಅಂದಿನ ನಿಯಮದಂತೆ ಮ್ಯಾಡ್ರಿಡ್ ಮನೆಗೆ ಹೋಯಿತು. 2014ರಲ್ಲಿ ಹುಲಿಯನ್ನು ಮ್ಯಾಂಚೆಸ್ಟರಿಗೆ ಎರವಲು ಕೊಟ್ಟದ್ದು ಇದೇ ಮೊನಾಕೊ. ಈ ಸಲ ಕೋಡಂಗಿ ಯಾರು, ಈರಭದ್ರ ಯಾರು ಎಂಬುದು ಆ ಬೆಳಿಗ್ಗೆ ಯಾರಿಗೂ ಗೊತ್ತಿರಲಿಲ್ಲ.

ಹುಡುಗರ ಸಂತೋಷಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅವರ ತಂಡ ಲೀಗಿನಲ್ಲಿ ಏಳನೆಯ ಸ್ಥಾನಕ್ಕೆ ಕುಸಿದಿತ್ತು. ಆ ಆಗಸ್ಟ್ ಕೊನೆಯಲ್ಲಿ ಎರಡು ದರ್ಜೆ ಕೆಳಗಿನ ಎಂ.ಕೆ. ಡಾನ್ಸ್ ಎಂಬ ತಂಡ ಇವರಿಗೆ ನಾಲ್ಕು ಗೋಲು ಹೊಡೆದು, ಒಂದೂ ಹೊಡೆಸಿಕೊಳ್ಳದೆ ಕಳಿಸಿತ್ತು. ಮನೆಯಲ್ಲಿ ಸೂತಕದ ಕಳೆ. ಅಂಥ ಹೊತ್ತಿನಲ್ಲಿ, ಆಟಗಾರರ ಕೊಡು-ಕೊಳ್ಳುವಿಕೆಯ ಗಡುವಿನ ಕೊನೆಯ ದಿನ, ಹುಲಿ ಬಂತೆಂದರೆ! ಸುಮಾರು 60 ಲಕ್ಷ ಪೌಂಡು ಬಾಡಿಗೆ ಎಂದು ಪತ್ರಿಕೆಗಳು ಬರೆದವು. ಸಂಜೆಯ ಹೊತ್ತಿಗೆ ಮಗ ಪೇಟೆಯ ಫುಟ್‌ಪಾತಿನಿಂದ ಕೆಂಪು ಅಂಗಿಯೊಂದನ್ನು ತಂದು, ಟೈಲರ್ ಹತ್ತಿರ ಬೆನ್ನಿಗೆ ಬಿಳಿ ಬಟ್ಟೆಯ 9 ಹೊಲಿಸಿಕೊಂಡ. ಒಗೆದ ಮೊದಲ ದಿನವೇ ಅದರ ಕೆಂಪು ನನ್ನ ಎರಡು ಬಿಳಿ ಪಂಚೆಗಳಿಗೂ ಹತ್ತಿತು.

ಅದೇ ದಿನದ ಇನ್ನೊಂದು ಸುದ್ದಿಯನ್ನು ಅವರು ಸಂಭ್ರಮದಲ್ಲಿ ಹೆಚ್ಚು ಮಾತಾಡಲಿಲ್ಲ. ಡ್ಯಾನಿ ವೆಲ್ಬೆಕ್ ಎಂಬ ಹುಡುಗ ಮ್ಯಾಂಚೆಸ್ಟರ್ ಊರಿನವನೇ, ಚಿಕ್ಕಂದಿನಿಂದ ಅದೇ ಕ್ಲಬ್ಬಿನಲ್ಲಿ ಬೆಳೆದವನು. ಹುಲಿ ಬಂದ ಬಾಗಿಲಿನಿಂದಲೇ ಅವನನ್ನು ಲಂಡನ್ನಿನ ಆರ್ಸೆನಲ್ ತಂಡಕ್ಕೆ ಮಾರಿದರು. ಹಿತ್ತಲ ಗಿಡ ಮದ್ದಲ್ಲ. ಈ ಗಾದೆ ನಮ್ಮೂರಿನದೆಂದು ತಿಳಿದಿದ್ದೆ. ಅಲ್ಲಿಯೂ ಬೆಳೆಯುತ್ತದೆ.

ಈಗ ನನ್ನ ಕಥೆ.

ಆಟಗಾರರಿಗೆ ಲೋನ್ ಎನ್ನುತ್ತಾರಲ್ಲ, ನಮ್ಮಂಥ ಮೇಷ್ಟ್ರುಗಳಿಗೆ ಅದನ್ನೇ ಡೆಪ್ಯುಟೇಶನ್ ಎನ್ನುತ್ತಾರೆ. 1997ರ ಜುಲೈ ತಿಂಗಳಲ್ಲಿ ನನ್ನ ಹೆಸರಿಗೆ ಒಂದು ಆದೇಶ ಬಂತು. ಹದಿನೆಂಟು ಕಿಲೋಮೀಟರ್ ದೂರದ ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನಕ್ಕೆ ಮೇಷ್ಟ್ರಿಲ್ಲ, ವಾರದಲ್ಲಿ ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ, ‘ಮುಂದಿನ ಆದೇಶದವರೆಗೆ’. ಸಂಬಳ ಇಲ್ಲಿ, ಸರ್ವೀಸ್ ರಿಜಿಸ್ಟರ್ ಇಲ್ಲಿ, ಮೈ ಮಾತ್ರ ಅಲ್ಲಿ. ನನಗಾಗ ಇಪ್ಪತ್ತೊಂಬತ್ತು ವರ್ಷ. ನಮ್ಮ ಶಾಲೆಯಲ್ಲಿ ಆ ಸಲ ವಿಜ್ಞಾನದಲ್ಲಿ ಒಬ್ಬನೂ ಫೇಲಾಗಿರಲಿಲ್ಲ. ಆ ಸುದ್ದಿ ನನಗಿಂತ ಮೊದಲು ಬಸ್ಸು ಹತ್ತಿ ಆ ಹಳ್ಳಿ ತಲುಪಿತ್ತು.

ಮೊದಲ ದಿನ ಬಸ್ಸಿಳಿದಾಗ ಟೀ ಅಂಗಡಿಯ ಬೆಂಚಿನ ಮೇಲಿದ್ದ ನಾಲ್ವರು ನನ್ನನ್ನು ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ ನೋಡಿದರು. “ಅವರೇ ಅಂತೆ ಕಣೋ, ಎಲ್ಲರನ್ನೂ ಪಾಸು ಮಾಡ್ಸೋ ಮೇಷ್ಟ್ರು” ಎಂದ ಒಬ್ಬ. “ಏನು ಮಾಡ್ಸಿದ್ರೆ ಏನು ಬಂತು, ಇವ್ರೂ ಎರವಲೇ ತಾನೇ? ಎಷ್ಟು ದಿನ ಇರ್ತಾರೋ” ಎಂದ ಇನ್ನೊಬ್ಬ. ಅಂಗಡಿಯವನು ನನ್ನಿಂದ ಟೀಗೆ ಕಾಸು ತೆಗೆದುಕೊಳ್ಳಲಿಲ್ಲ. ಆ ಒಂದು ಲೋಟ ಟೀಯ ಭಾರವನ್ನು ನಾನು ವರ್ಷವಿಡೀ ಹೊತ್ತೆ.

ಆ ಶಾಲೆಯಲ್ಲಿ ಪ್ರಯೋಗಾಲಯವೆಂದರೆ ಒಂದು ಬೀರು. ಅದರೊಳಗೆ ಮೂರು ಪ್ರನಾಳ, ಒಂದು ಮುರಿದ ತಕ್ಕಡಿ, ಒಂದು ಇಲಿಯ ಸಂಸಾರ. ನಾನು ಹುಮ್ಮಸ್ಸಿನಿಂದ ನಮ್ಮ ಶಾಲೆಯ ಕೆಲವು ಸಾಮಾನುಗಳನ್ನು ಚೀಲದಲ್ಲಿ ಹೊತ್ತು ಒಯ್ದೆ. ಹತ್ತನೇ ತರಗತಿಯ ಮುಂದೆ ಮೊದಲ ಪ್ರಯೋಗ ಆಮ್ಲಜನಕ ತಯಾರಿಕೆ. ಪೊಟ್ಯಾಸಿಯಂ ಪರ್ಮಾಂಗನೇಟ್ ಕಾಯಿಸಿ, ಬಂದ ಅನಿಲದೊಳಗೆ ಕೆಂಡವಿರುವ ಊದುಬತ್ತಿ ಹಿಡಿದರೆ ಅದು ಭಗ್ಗನೆ ಉರಿಯಬೇಕು. ನೂರು ಸಲ ಮಾಡಿ ತೋರಿಸಿದ ಪ್ರಯೋಗ. ಆ ದಿನ ಬಿರಡೆ ಸಡಿಲವಿತ್ತೋ, ನನ್ನ ಕೈ ನಡುಗಿತೋ, ಇದ್ದ ಕೆಂಡವೂ ಆರಿತು. ಹಿಂದಿನ ಬೆಂಚಿನಿಂದ ಒಬ್ಬ, “ಸಾ, ದೇವರ ಫೋಟೋಕ್ಕೆ ಹಚ್ಚಿ ಸಾ, ಉರೀತದೆ” ಎಂದ. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಬರುವಾಗ ನಗು ಉಳಿಯಲಿಲ್ಲ.

ಫಾಲ್ಕಾವ್‌ನ ಮೊದಲ ಗೋಲು ಅಕ್ಟೋಬರ್ 5ರಂದು ಎವರ್ಟನ್ ವಿರುದ್ಧ ಬಂತು. ಆ ಗೋಲಿನಿಂದಲೇ ತಂಡ ಗೆದ್ದಿತು. ಮನೆಯಲ್ಲಿ ಕೂಗಾಟ. ಆಮೇಲೆ ಮೀನಖಂಡದ ನೋವು, ವಾರಗಟ್ಟಲೆ ವಿಶ್ರಾಂತಿ. ಡಿಸೆಂಬರಿನಲ್ಲಿ ಆಸ್ಟನ್ ವಿಲ್ಲಾ ವಿರುದ್ಧ ಒಂದು, ಹೊಸ ವರ್ಷದ ದಿನ ಸ್ಟೋಕ್ ವಿರುದ್ಧ ಒಂದು, ಜನವರಿ ಕೊನೆಯ ದಿನ ಲೆಸ್ಟರ್ ವಿರುದ್ಧ ಒಂದು. ಅಲ್ಲಿಗೆ ನಾಲ್ಕು. ಲೀಗಿನಲ್ಲಿ ಇಪ್ಪತ್ತಾರು ಪಂದ್ಯ ಆಡಿದರೂ ಆ ನಾಲ್ಕು ಐದಾಗಲಿಲ್ಲ. ಸುಲಭದ ಚೆಂಡು ಕಾಲಿಗೆ ಬಂದಾಗ ಅರೆಗಳಿಗೆ ತಡ ಮಾಡುತ್ತಿದ್ದ. ಆ ಅರೆಗಳಿಗೆಯಲ್ಲಿ ಎದುರಾಳಿಯ ಕಾಲು ಅಡ್ಡ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ‘ಹುಲಿ’ ಎಂದ ಹುಡುಗರು ಫೆಬ್ರವರಿಯಲ್ಲಿ ‘ಬೆಕ್ಕು’ ಎಂದರು. ಮಾರ್ಚಿನಲ್ಲಿ ಆ ಮರ್ಯಾದೆಯೂ ಉಳಿಯಲಿಲ್ಲ. “ದುಡ್ಡು ದಂಡ ಅಪ್ಪ. ಎರವಲಿಗೆ ಬಂದೋನಿಗೆ ತಂಡದ ಮೇಲೆ ಏನು ಪ್ರೀತಿ ಇರುತ್ತೆ? ಸಂಬಳ ಎಣಿಸ್ಕೊಂಡು ಹೋಗ್ತಾನೆ” ಎಂದ ಮಗ.

ನಾನು ಕನ್ನಡಕ ತೆಗೆದಿಟ್ಟೆ. “ಅವನ ಮಂಡಿಗೆ ಏನಾಗಿತ್ತು ಗೊತ್ತೇನೋ?” ಎಂದೆ.

2014ರ ಜನವರಿಯಲ್ಲಿ ಫ್ರೆಂಚ್ ಕಪ್ ಪಂದ್ಯವೊಂದರಲ್ಲಿ, ಕೆಳದರ್ಜೆಯ ತಂಡವೊಂದರ ವಿರುದ್ಧ ಆಡುವಾಗ, ಅವನ ಎಡಮಂಡಿಯೊಳಗಿನ ಅಸ್ಥಿರಜ್ಜು ಹರಿದಿತ್ತು. ತೊಡೆಯ ಮೂಳೆಗೂ ಕಾಲಿನ ಮೂಳೆಗೂ ನಡುವೆ ಅಡ್ಡಲಾಗಿ ಕಟ್ಟಿದ ಹಗ್ಗ ಅದು. ಓಡುವವನು ಗಕ್ಕನೆ ನಿಂತು ತಿರುಗಿದಾಗ ಮಂಡಿ ಜಾರದಂತೆ ಹಿಡಿಯುವುದೇ ಅದರ ಕೆಲಸ. ಸ್ನಾಯುವಿಗೆ ಇರುವಂತೆ ಅದಕ್ಕೆ ರಕ್ತದ ಸಮೃದ್ಧ ಪೂರೈಕೆ ಇಲ್ಲ, ಹಾಗಾಗಿ ತಾನಾಗಿ ಕೂಡಿಕೊಳ್ಳುವುದು ಕಷ್ಟ. ಮೈಯ ಬೇರೆಡೆಯಿಂದ ತುಂಡು ತೆಗೆದು ಅಲ್ಲಿ ಕಸಿ ಮಾಡುತ್ತಾರೆ. ಕಸಿ ಮಾಡಿದ್ದು ಮೂಳೆಗೆ ಹತ್ತಿಕೊಂಡು, ಹೊಸ ರಕ್ತನಾಳ ಮೂಡಿಸಿಕೊಂಡು, ಮೊದಲಿನ ಬಲಕ್ಕೆ ಹತ್ತಿರ ಬರಲು ಒಂಬತ್ತು ತಿಂಗಳೋ ವರ್ಷವೋ ಬೇಕು. ಮನಸ್ಸಿನಿಂದ ಅಂಜಿಕೆ ಹೋಗಲು ಇನ್ನೂ ಹೆಚ್ಚು. ಆ ಮಂಡಿಯಿಂದಾಗಿ ಅವನು ಆ ವರ್ಷದ ವಿಶ್ವಕಪ್ಪನ್ನೇ ಕಳೆದುಕೊಂಡ. ಅಂಥವನನ್ನು ತಂದು, ನಾಳೆಯೇ ಹುಲಿಯ ಹಾಗೆ ನೆಗೆ ಎಂದರೆ? ಮಾವಿನ ಕಸಿ ಗಿಡವನ್ನು ಆಷಾಢದಲ್ಲಿ ನೆಟ್ಟು ಶ್ರಾವಣಕ್ಕೆ ಹಣ್ಣು ಕೇಳಿದ ಹಾಗಾಯಿತು.

“ನೀನು ಅವನ ವಕೀಲನಾ ಅಪ್ಪ?” ಎಂದ ಮಗ. ನಾನು ಉತ್ತರ ಹೇಳಲಿಲ್ಲ. ಯಾರ ವಕೀಲನಾಗಿದ್ದೆ ಎಂಬುದು ನನಗೆ ಗೊತ್ತಿತ್ತು.

ಆ ಮಾರ್ಚ್ 9ರಂದು ಎಫ್.ಎ. ಕಪ್‌ನ ಎಂಟರ ಘಟ್ಟದಲ್ಲಿ ಮ್ಯಾಂಚೆಸ್ಟರಿನವರು ತಮ್ಮ ಅಂಗಳದಲ್ಲೇ ಆರ್ಸೆನಲ್‌ಗೆ ಸೋತರು. ಗೆಲುವಿನ ಗೋಲು ಹೊಡೆದವನು ಯಾರು ಅನ್ನುತ್ತೀರಿ? ಮಾರಿದ ಹಿತ್ತಲ ಗಿಡ, ಅದೇ ವೆಲ್ಬೆಕ್. ಹುಲಿ ಅಂದು ಪೂರ್ತಿ ಪಂದ್ಯ ಬೆಂಚಿನ ಮೇಲೆ ಕೂತಿತ್ತು. ಮಾರನೆಯ ದಿನ ಅವನನ್ನು ಇಪ್ಪತ್ತೊಂದು ವರ್ಷದೊಳಗಿನ ಹುಡುಗರ ತಂಡದಲ್ಲಿ ಆಡಿಸಿದರು. ಇಪ್ಪತ್ತೊಂಬತ್ತು ವರ್ಷದವನು, ಒಂದು ಕಾಲಕ್ಕೆ ಯುರೋಪನ್ನೇ ನಡುಗಿಸಿದವನು. ಅಲ್ಲಿಯೂ ಗೋಲು ಬರಲಿಲ್ಲ. ಪಂದ್ಯ ಮುಗಿಯುವ ಮೊದಲೇ ಹೊರಗೆ ಕರೆದರು. ಗೆಳೆಯರ ಮೊಬೈಲುಗಳಲ್ಲಿ ನಗೆಚಾಟಿಕೆ ಹರಿದಾಡಿತು. ನನಗೆ ಮಾತ್ರ ಆರಿಹೋದ ಊದುಬತ್ತಿಯ ಹೊಗೆ ಮೂಗಿಗೆ ಬಡಿದಂತಾಯಿತು.

ಹಳ್ಳಿಯ ನನ್ನ ವರ್ಷ ಹೀಗೇ ಮುಗಿದಿತ್ತು. ವಾರಕ್ಕೆ ಮೂರು ದಿನವೆಂದರೂ ಬಸ್ಸು ಕೆಟ್ಟು, ಮಳೆಗೆ ಹಳ್ಳ ತುಂಬಿ, ಚುನಾವಣೆಯ ಕೆಲಸ ಬಂದು ಎರಡೇ ದಿನವಾಗುತ್ತಿತ್ತು. ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಮಾರ್ಚಿಗೆ ಮೊದಲು ಒಂದು ಶನಿವಾರ ‘ಮುಂದಿನ ಆದೇಶ’ ಬಂದೇ ಬಂತು: ಸೋಮವಾರದಿಂದ ಮೂಲ ಶಾಲೆಗೆ. ಹುಡುಗರು ಮೈದಾನದಲ್ಲಿದ್ದರು. ಹೇಳಿ ಹೋಗಬೇಕಿತ್ತು. ಆದರೆ ಏನೆಂದು ಹೇಳಲಿ? ನಿಮಗೆ ಅರ್ಧ ಪುಸ್ತಕ ಉಳಿಸಿ ಹೋಗುತ್ತಿದ್ದೇನೆ ಎಂದೇ? ಬೀರುವಿನಿಂದ ಸಾಮಾನು ತುಂಬಿಕೊಂಡು ಹಿಂದಿನ ದಾರಿಯಲ್ಲಿ ಬಸ್ ನಿಲ್ದಾಣಕ್ಕೆ ಬಂದೆ. ಟೀ ಅಂಗಡಿಯ ಕಡೆ ಮುಖ ತಿರುಗಿಸಲಿಲ್ಲ. ನಮ್ಮಲ್ಲಿ ಮನೆ ಬಿಡುವಾಗ ಯಾರೂ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಹೋಗಿ ಬರುತ್ತೇನೆ’ ಎನ್ನುತ್ತೇವೆ. ನಾನು ಎರಡನ್ನೂ ಅನ್ನಲಿಲ್ಲ. ಆ ವರ್ಷ ಅಲ್ಲಿ ಪರೀಕ್ಷೆಗೆ ಕೂತ ಮೂವತ್ತೊಂದು ಮಕ್ಕಳಲ್ಲಿ ವಿಜ್ಞಾನದಲ್ಲಿ ಪಾಸಾದವರು ಹದಿನಾಲ್ಕು. ಪತ್ರಿಕೆಯಲ್ಲಿ ನಂಬರು ನೋಡಿ ನಾನೇ ಲೆಕ್ಕ ಹಾಕಿಸಿದ್ದೆ. ಮತ್ತೆ ಆ ದಾರಿ ತುಳಿಯಲಿಲ್ಲ.

ಮನೆಗೆ ಬಂದು ಚೀಲ ಬಿಚ್ಚಿದಾಗ ಒಂದು ಸಾಮಾನು ಕಡಿಮೆಯಿತ್ತು: ಗಾಜಿನ ಪ್ರಿಸಂ. ಅವಸರದಲ್ಲಿ ಅಲ್ಲೇ ಬಿಟ್ಟಿದ್ದೆ. ವರ್ಷದ ಕೊನೆಗೆ ದಾಸ್ತಾನು ಪುಸ್ತಕ ಹಿಡಿದು, “ಪ್ರಿಸಂ ಎಲ್ಲಿ?” ಎಂದು ಕೇಳಿದಾಗ ಒಡೆದುಹೋಯಿತೆಂದು ಹೇಳಿ ಕೈಯಿಂದ ದುಡ್ಡು ಕಟ್ಟಿದೆ. ಹೋಗಿ ತರುವುದಕ್ಕಿಂತ ಸುಳ್ಳು ಹೇಳುವುದು ಹಗುರವಾಗಿತ್ತು.

2015ರ ಮೇ 17, ಭಾನುವಾರ. ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್ ಮೈದಾನದಲ್ಲಿ ಆ ಋತುವಿನ ಕೊನೆಯ ಪಂದ್ಯ, ಎದುರಾಳಿ ಮತ್ತೆ ಆರ್ಸೆನಲ್. ಅಪ್ಪ-ಮಗ ಇಬ್ಬರೂ ಟಿ.ವಿ. ಮುಂದೆ. ಫಾಲ್ಕಾವ್ ಅಂದೂ ಗೋಲು ಹೊಡೆಯಲಿಲ್ಲ. ಅವನನ್ನು ಹೊರಗೆ ಕರೆದರು. ಅವನು ತಲೆ ತಗ್ಗಿಸಿ ಗೆರೆಯ ಕಡೆ ನಡೆದು ಬರುತ್ತಿದ್ದ. ಈಗ ಕೂಗಾಡುತ್ತಾರೆ ಎಂದು ನಾನು ಕಣ್ಣು ಬೇರೆ ಕಡೆ ತಿರುಗಿಸಿದೆ. ಕೇಳಿಸಿದ್ದು ಚಪ್ಪಾಳೆ. ಇಷ್ಟು ದುಡ್ಡು ತಿಂದು ನಾಲ್ಕೇ ಗೋಲು ಹೊಡೆದವನಿಗೆ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಇವನು ಉಳಿಯುವುದಿಲ್ಲವೆಂದು ಅವರು ಊಹಿಸಿದ್ದರು. ಸೋತದ್ದೂ ಗೊತ್ತಿತ್ತು. ಆದರೆ ಓಡುವುದನ್ನು ಅವನು ಬಿಡಲಿಲ್ಲ ಎಂಬುದನ್ನೂ ಕಂಡಿದ್ದರು. ನನ್ನ ಮಗ ಏನೂ ಮಾತಾಡದೆ ತಾನೂ ನಾಲ್ಕು ಚಪ್ಪಾಳೆ ತಟ್ಟಿದ. ಆಮೇಲೆ ನನ್ನ ಕಡೆ ನೋಡಿ, “ಯಾಕಪ್ಪಾ?” ಎಂದ.

ಆ ರಾತ್ರಿ ಅವನಿಗೆ ಹಳ್ಳಿಯ ಕಥೆಯನ್ನೆಲ್ಲ ಹೇಳಿದೆ. ಅವನು ಕೇಳಿದ್ದು ಒಂದೇ ಮಾತು: “ಅಲ್ಲಿ ಯಾರಾದರೂ ನಿನ್ನನ್ನ ಬೈದ್ರಾ?” ಯೋಚಿಸಿದೆ. ಯಾರೂ ಬೈದಿರಲಿಲ್ಲ. ಬೈಯಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ. ಚಪ್ಪಾಳೆಗೂ ಕೊಟ್ಟಿರಲಿಲ್ಲ.

ಶಾಲೆ ತೆರೆದ ಮೇಲೆ ಜೂನ್‌ನಲ್ಲಿ ಒಂದು ದಿನ ಅವನ ಬೈಕಿನ ಹಿಂದೆ ಕೂತು ಆ ಹಳ್ಳಿಗೆ ಹೋದೆ. ಟೀ ಅಂಗಡಿ ಇದ್ದ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ. ಶಾಲೆಗೆ ಎರಡು ಹೊಸ ಕೊಠಡಿ, ವಿಜ್ಞಾನಕ್ಕೆ ಕಾಯಂ ಶಿಕ್ಷಕಿ. ನಾನೂ ವಿಜ್ಞಾನದ ಮೇಷ್ಟ್ರೇ, ಈ ಕಡೆ ಬಂದಿದ್ದೆ, ಲ್ಯಾಬ್ ನೋಡಬಹುದೇ ಎಂದೆ. ಆ ಹೆಣ್ಣುಮಗಳು ಸಂತೋಷದಿಂದ ಬೀರು ತೆಗೆದರು. ಮೇಲಿನ ಅರೆಯಲ್ಲಿ, ಹತ್ತಿಯ ಮೇಲೆ, ಪ್ರಿಸಂ. ಒಂದು ಮೂಲೆ ಚಕ್ಕೆ ಹೋದದ್ದರಿಂದ ಗುರುತು ಹತ್ತಿತು.

“ಇದೊಂದು ವಿಚಿತ್ರ ಸರ್,” ಎಂದರು. “ನಮ್ಮ ದಾಸ್ತಾನಿನಲ್ಲಿ ಇದರ ಲೆಕ್ಕವೇ ಇಲ್ಲ. ಯಾರು ತಂದ್ರೋ. ನಾನು ಬಂದಾಗಿನಿಂದ ಮಕ್ಕಳಿಗೆ ಏಳು ಬಣ್ಣ ತೋರಿಸೋದು ಇದರಲ್ಲೇ.”

ನಾನು ಅದನ್ನು ಕಿಟಕಿಯ ಬಿಸಿಲಿಗೆ ಹಿಡಿದೆ. ಎದುರಿನ ಗೋಡೆಯ ಮೇಲೆ ಕೆಂಪಿನಿಂದ ನೇರಳೆಯವರೆಗೆ ಪಟ್ಟಿ ಬಿತ್ತು. ಹದಿನೇಳು ವರ್ಷ ಎರವಲಿದ್ದರೂ ಅದರ ಕೆಲಸ ಕೆಟ್ಟಿರಲಿಲ್ಲ. ಆಗ ಹೇಳಿದೆ, ಇದು ನಾನು ತಂದದ್ದು, ಒಂದು ವರ್ಷ ಇಲ್ಲಿ ಪಾಠ ಮಾಡಿದ್ದೆ, ಪೂರ್ತಿ ಮಾಡಲಿಲ್ಲ, ಹೇಳದೆ ಹೋದೆ ಎಂದು. ಅವರು ಬೈಯಲಿಲ್ಲ. ಕಾಫಿ ತರಿಸಿದರು. ಹೊರಡುವಾಗ ಬಾಗಿಲಲ್ಲಿ ನಿಂತು, ಸ್ವಲ್ಪ ಗಟ್ಟಿಯಾಗಿಯೇ, “ಹೋಗಿ ಬರ್ತೀನಿ” ಎಂದೆ.

ಹುಲಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮರುವರ್ಷ ಅವನನ್ನು ಚೆಲ್ಸಿ ತಂಡಕ್ಕೆ ಎರವಲು ಕೊಟ್ಟರು. ಅಲ್ಲಿ ಲೀಗಿನಲ್ಲಿ ಒಂದೇ ಗೋಲು. ಮುಗಿಯಿತು ಎಂದರು ಎಲ್ಲರೂ. ಅವನು ಮೊನಾಕೊಗೆ ಮರಳಿ, ನಾಯಕನಾಗಿ, 2016-17ರ ಫ್ರೆಂಚ್ ಲೀಗಿನಲ್ಲಿ ಇಪ್ಪತ್ತೊಂದು ಗೋಲು ಹೊಡೆದು ತಂಡವನ್ನು ಚಾಂಪಿಯನ್ ಮಾಡಿದ. ಮೂಲ ಶಾಲೆಗೆ ಮರಳಿದ ಮೇಷ್ಟ್ರಿಗೆ ಕೈ ನಡುಗದು ಎಂಬುದನ್ನು ನಾನು ಬಲ್ಲೆ. 2021ರಲ್ಲಿ ಇದಕ್ಕೆ ತಿರುಗಾಮುರುಗಾ ಇನ್ನೊಂದು ನಡೆಯಿತು. ಮ್ಯಾಂಚೆಸ್ಟರಿನಲ್ಲಿ ಮೂಲೆಗುಂಪಾಗಿದ್ದ ಜೆಸ್ಸಿ ಲಿಂಗಾರ್ಡ್ ವೆಸ್ಟ್ ಹ್ಯಾಮ್‌ಗೆ ಎರವಲು ಹೋಗಿ ಹದಿನಾರು ಲೀಗ್ ಪಂದ್ಯಗಳಲ್ಲಿ ಒಂಬತ್ತು ಗೋಲು ಹೊಡೆದ. ಅದೇ ಗಿಡ. ಮಣ್ಣು ಬೇರೆ.

ಮಗ ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಆ ಕೆಂಪು ಅಂಗಿ ನಮ್ಮ ಮನೆಯಲ್ಲಿ ಸ್ಕೂಟರ್ ಒರೆಸುತ್ತಿದೆ. ಬೆನ್ನಿನ 9 ಮಾತ್ರ ಇನ್ನೂ ಬಿಟ್ಟಿಲ್ಲ. ಹೋದ ತಿಂಗಳು ಫೋನ್ ಮಾಡಿದ್ದ. “ಅಪ್ಪ, ಆರು ತಿಂಗಳು ನನ್ನನ್ನ ಹೈದರಾಬಾದಿನ ಇನ್ನೊಂದು ಕಂಪನಿಯ ಆಫೀಸಿಗೆ ಹಾಕ್ತಿದ್ದಾರೆ. ಸಂಬಳ ಇಲ್ಲಿಂದ, ಕೆಲಸ ಅಲ್ಲಿ. ಅಲ್ಲಿನವರಿಗೆ ನಾನು ಯಾರೋ. ಸರಿಯಾಗಿ ಆಗದಿದ್ದರೆ ಏನು ಮಾಡ್ಲಿ?”

“ಆಗದಿದ್ದರೆ ಆಗಲಿಲ್ಲ,” ಎಂದೆ. “ಬರುವಾಗ ಮಾತ್ರ ಎಲ್ಲರಿಗೂ ಹೇಳಿ ಬಾ.”